ದಕ್ಷಿಣ ಧ್ರುವಕ್ಕೆ ಹೊರಟವಳಿಗೆ ಹಿಟ್ಟು ಉಬ್ಬಿದ ವರದಿ

ಬಿ ಬ್ಲಾಕ್, ವಸಂತ್ ಕುಂಜ್
ಹೊಸದಿಲ್ಲಿ
೧೬ ಜನವರಿ ೨೦೨೬, ಶುಕ್ರವಾರ ಬೆಳಿಗ್ಗೆ

ಹಿಮಗಿರಿವಾಸಿನಿಯೂ ಟೈರುಧಾರಿಣಿಯೂ ಆದ ನನ್ನ ಧಾರಿಣಿಗೆ,

ಈ ಮೂಲಕ ಸಮಸ್ತ ಭೂಮಂಡಲಕ್ಕೂ ಅದರ ಎರಡೂ ತುದಿಗಳಿಗೂ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಹೊರಗೆ ನಾಲ್ಕು ಡಿಗ್ರಿ ಚಳಿ ಕೊರೆಯುತ್ತಿದ್ದಾಗ, ಎದುರಿನ ಬ್ಲಾಕ್ ಮಂಜಿನಲ್ಲಿ ಪೂರ್ತಿ ಮಾಯವಾಗಿದ್ದಾಗ, ಹೀಟರ್ ಎಂಬ ವಸ್ತುವಿನ ಸಹಾಯವಿಲ್ಲದೆ, ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಉಬ್ಬಿತು. ಉಬ್ಬಿತು ಅಂದರೆ ಸುಮ್ಮನೆ ಉಬ್ಬಿದ್ದಲ್ಲ ಕಣೆ. ಮುಚ್ಚಳ ಎತ್ತಿಕೊಂಡು ಎದ್ದು ನಿಂತಿತ್ತು. ಉಳಿದ ವಿವರಗಳಲ್ಲಿ ಕೆಲವು ನಿನ್ನ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಅವನ್ನು ಮುಂದೆ ನಿಧಾನವಾಗಿ ಹೇಳುತ್ತೇನೆ.

ಮೊದಲು ಕ್ಷಮೆ. ಹಿಮಾಲಯದ ಆ ತರಬೇತಿ ಶಿಬಿರದಲ್ಲಿ ಫೋನು ಕಿತ್ತಿಟ್ಟುಕೊಂಡಿದ್ದಾರೆ ಅಂತ ನೀನು ಹತ್ತು ದಿನದಲ್ಲಿ ಎರಡು ಕಾಗದ ಬರೆದೆ, ಬೆಟ್ಟ ಇಳಿಯುವ ಯಾರದೋ ಕೈಯಲ್ಲಿ ಕಳಿಸಿದೆ. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಮೂವತ್ತು ವರ್ಷದಿಂದ ಇಲ್ಲಿನ ಕನ್ನಡ ಸಂಘದ ಮಾಸಪತ್ರಿಕೆಗೆ ಹಾಸ್ಯದ ಅಂಕಣ ಬರೆಯುವವನಿಗೆ ಹೆಂಡತಿಗೆ ಬರೆಯಲು ವಿಷಯ ಸಿಗಲಿಲ್ಲ ಅಂದರೆ ನೀನಂತೂ ನಂಬುವುದಿಲ್ಲ. ವಿಷಯ ಇತ್ತು. ಅದು ಫ್ರಿಜ್ಜಿನ ಮೇಲೆ, ಬಾಳೆಹಣ್ಣಿನ ಬುಟ್ಟಿಯ ಅಡಿಯಲ್ಲಿ, ಎರಡು ಪುಟದ ಫಾರ್ಮಿನ ರೂಪದಲ್ಲಿ ಮಲಗಿತ್ತು. ‘ಅಭ್ಯರ್ಥಿಯ ಪತಿ ಅಥವಾ ಪತ್ನಿಯ ಒಪ್ಪಿಗೆ.’ ಹದಿನಾಲ್ಕು ತಿಂಗಳು ಅಂಟಾರ್ಕ್ಟಿಕಾದ ಹಿಮದ ಠಾಣೆಯಲ್ಲಿ ವೈದ್ಯೆಯಾಗಿ ಇರಲು ಹೊರಟವಳ ಗಂಡ ಸಹಿ ಹಾಕಬೇಕು. ಹದಿನೆಂಟನೇ ತಾರೀಕಿನೊಳಗೆ ಶಿಬಿರಕ್ಕೆ ತಲುಪಬೇಕು. ತಲುಪದಿದ್ದರೆ ಕಾದಿರಿಸಿದ ಪಟ್ಟಿಯ ಇನ್ನೊಬ್ಬ ಡಾಕ್ಟರು ನಿನ್ನ ಜಾಗಕ್ಕೆ.

ಹೊರಡುವ ಹಿಂದಿನ ಸಂಜೆ ಅದನ್ನು ನನ್ನ ಮುಂದೆ ಇಟ್ಟೆಯಲ್ಲ, ನಾನು ಏನು ಹೇಳಿದೆ ನೆನಪಿದೆ ತಾನೆ? “ನೋಡೋಣ” ಅಂದೆ. ನೀನು ಏಳನೇ ಜೊತೆ ಉಣ್ಣೆ ಕಾಲುಚೀಲ ಸುತ್ತಿ ಬ್ಯಾಗಿಗೆ ತುರುಕಿದೆ.

ಫಾರ್ಮಿನ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ಊರಿನ ಸುದ್ದಿ.

ಅಮ್ಮ ಆರೋಗ್ಯವಾಗಿದ್ದಾರೆ. ಎಂಬತ್ತೆರಡರ ಇಂದಿರಮ್ಮನವರು ನೀನು ಚಳಿಗೆ ಒಗ್ಗಿಕೊಳ್ಳಲೆಂದು ಹೊರಡಿಸಿದ ‘ಈ ಚಳಿಗಾಲ ಹೀಟರ್ ನಿಷಿದ್ಧ’ ಆದೇಶವನ್ನು ನನಗೂ ಮೊಮ್ಮಗಳಿಗೂ ಕಟ್ಟುನಿಟ್ಟಾಗಿ ಅನ್ವಯಿಸಿ, ತಮ್ಮ ಕೋಣೆಯಲ್ಲಿ ಮಾತ್ರ ಹೀಟರ್ ಹಾಕಿಕೊಂಡಿದ್ದಾರೆ. ಕೇಳಿದರೆ, “ನಾನೇನು ಅಂಟಾರ್ಕ್ಟಿಕಾಕ್ಕೆ ಹೋಗ್ತೀನೇನೋ?” ಅಂತಾರೆ. ನೀನು ಹೋಗುತ್ತಿರುವುದು ಖಂಡದ ಅಂಚಿಗೆ, ಅಲ್ಲಿಂದ ಧ್ರುವ ಇನ್ನೂ ಎರಡು ಸಾವಿರ ಕಿಲೋಮೀಟರ್ ಇದೆ ಅಂತ ಭೂಗೋಳದ ಮೇಷ್ಟ್ರಾದ ನಾನು ನೂರು ಸಲ ತಿದ್ದಿದೆ. ಆದರೂ ದಿನಾ ಪಾರ್ಕಿನಲ್ಲಿ “ನಮ್ಮ ಸೊಸೆ ದಕ್ಷಿಣ ಧ್ರುವಕ್ಕೆ” ಎಂದೇ ಪ್ರಕಟಣೆ. ನಿನ್ನೆ ಮತ್ತೆ ತಿದ್ದಲು ಹೋದೆ. “ಅಷ್ಟು ದೂರ ಹೋದವಳು ಇನ್ನಷ್ಟು ಹೋಗಲ್ವೇನೋ?” ಅಂದರು. ಇಪ್ಪತ್ತೆಂಟು ವರ್ಷದ ನನ್ನ ಸೇವೆಯಲ್ಲಿ ಇಂಥ ಉತ್ತರ ಬರೆದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ನೀನು ತರಬೇತಿಗೆಂದು ಸೊಂಟಕ್ಕೆ ಹಗ್ಗ ಕಟ್ಟಿ ಎಳೆಯುತ್ತಿದ್ದ ಟೈರನ್ನು ಪಾರ್ಕಿನ ಮಾಲಿ ಅನಾಥ ವಸ್ತು ಎಂದು ಭಾವಿಸಿ ಒಳಗೆ ಚೆಂಡುಹೂವಿನ ಸಸಿ ನೆಟ್ಟಿದ್ದಾನೆ. ಚೆನ್ನಾಗಿ ಕಾಣುತ್ತಿದೆ, ಬೈಯಬೇಡ. ನೀನು ಬಂದಮೇಲೆ ಹೂವಿನ ಸಮೇತ ಎಳೆದರಾಯಿತು, ಮೆರವಣಿಗೆಯ ಕಳೆ ಬರುತ್ತದೆ. ಅಲ್ಲಿ ಆಡುವ ಮಕ್ಕಳು ನನ್ನನ್ನು ಕಂಡರೆ ಸಾಕು, “ಅಂಕಲ್, ಟೈರ್‌ವಾಲೀ ಡಾಕ್ಟರ್ ಆಂಟಿ ಕಬ್ ಆಯೇಂಗೀ?” ಅಂತ ನೀನು ಬರುವ ದಿನ ಕೇಳುತ್ತವೆ. ನಾನೂ ಅದೇ ಟೈರನ್ನು ಒಂದು ದಿನ ಎಳೆದಿದ್ದೆ ಎನ್ನುವುದು ಒಬ್ಬರಿಗೂ ನೆನಪಿಲ್ಲ. ಇತಿಹಾಸ ಹೀಗೆ ಪಕ್ಷಪಾತಿ.

ಎದುರು ಮನೆ ಸೂದ್ ಆಂಟಿ ಮತ್ತೆ ಬಂದಿದ್ದರು. ಡಿಸೆಂಬರಿನಲ್ಲಿ ನೀನು ತರಬೇತಿ ಅಂತ ಆ ಹಿಮದ ನಿದ್ರಾಚೀಲದಲ್ಲಿ ಹತ್ತು ದಿನ ಬಾಲ್ಕನಿಯಲ್ಲಿ ಮಲಗಿದ್ದಾಗ, ನಾನು ನಿನ್ನನ್ನು ಹೊರಗೆ ಹಾಕಿದ್ದೇನೆ ಎಂದುಕೊಂಡು ಬುದ್ಧಿ ಹೇಳಲು ಬಂದವರು. ಈಗ ಬಾಲ್ಕನಿಯೂ ಖಾಲಿ ಕಂಡಿದೆ. ಒಂದು ಬಟ್ಟಲು ಗಾಜರ್ ಹಲ್ವಾ ಹಿಡಿದು ಬಂದು, ದನಿ ತಗ್ಗಿಸಿ, “ಭಾಯಿಸಾಹಬ್, ಮಾಯ್ಕೇ ಚಲೀ ಗಯೀ ಕ್ಯಾ?” ಅಂದರು. ತವರಿಗಲ್ಲ, ಹಿಮಾಲಯಕ್ಕೆ ಹೋಗಿದ್ದಾಳೆ ಅಂದೆ. ಆಕೆಯ ಕಣ್ಣು ತುಂಬಿ ಬಂತು. ಸನ್ಯಾಸ ಅಂತ ತಿಳಿದುಕೊಂಡಿರಬೇಕು. ನಾನು ತಿದ್ದಲಿಲ್ಲ. ಹಲ್ವಾ ಬಹಳ ಚೆನ್ನಾಗಿತ್ತು.

ಇನ್ನು ಹಿಟ್ಟು. ನಿಮ್ಮ ತಂಡಕ್ಕೆ ಅಡುಗೆಯವನಾಗಿ ಆಯ್ಕೆಯಾದ ಹಿತೇಶ್, ನಮ್ಮ ಐತಪ್ಪನವರ ಸೋದರಳಿಯ, ಜ್ವರ ಬಂದು ಶಿಬಿರಕ್ಕೆ ತಡವಾದನಲ್ಲ, ಹೋದ ವಾರ ಮಾವನ ಹೋಟೆಲಿನಲ್ಲಿ ಸಿಕ್ಕಿದ. ಗುರುಗ್ರಾಮದ ಆಫೀಸಿನ ಹುಡುಗ ಹುಡುಗಿಯರಿಗೆ ದಿನಕ್ಕೆ ಆರುನೂರು ದೋಸೆ ಹುಯ್ಯುವ ಆ ಹೋಟೆಲಿನ ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. “ಡಾಕ್ಟ್ರ ಹತ್ರ ನಾನು ಮಾತು ಕೊಟ್ಟಿದ್ದೇನೆ ಸರ್, ಅಲ್ಲಿ ಪ್ರತಿ ಭಾನುವಾರ ದೋಸೆ ಅಂತ. ಆದ್ರೆ ಹಿಟ್ಟು ಹುಳಿ ಬರ್ಬೇಕಲ್ಲ? ಇಲ್ಲೇ ಜನವರೀಲಿ ಎರಡು ದಿನ ಬೇಕಾಗ್ತದೆ.” ಮೆಂತ್ಯ ಸ್ವಲ್ಪ ಜಾಸ್ತಿ ನೆನೆಹಾಕಬೇಕು, ಪಾತ್ರೆಯನ್ನು ಬೆಚ್ಚಗೆ ಸುತ್ತಬೇಕು, ಇದು ಅವನ ಸಿದ್ಧಾಂತ. ಅದನ್ನು ಪರೀಕ್ಷಿಸುವ ಹೊಣೆ ಹೀಟರ್ ಇಲ್ಲದ ಏಕೈಕ ಕನ್ನಡಿಗ ಮನೆಯಾದ ನಮ್ಮದರ ಮೇಲೆ ಬಿತ್ತು.

ಮೊದಲ ಎರಡು ಪ್ರಯೋಗದಲ್ಲಿ ಹಿಟ್ಟು ಸತ್ತಂತೆ ಬಿದ್ದಿತ್ತು. ನಿನ್ನೆ ಸಂಜೆ ನನಗೆ ಜ್ಞಾನೋದಯವಾಯಿತು. ಮೈನಸ್ ನಲವತ್ತು ಡಿಗ್ರಿಯಲ್ಲೂ ಮನುಷ್ಯರನ್ನು ಬೆಚ್ಚಗಿಡುವ ಚೀಲವೊಂದು ನಮ್ಮ ಅಟ್ಟದ ಮೇಲೆ ಸುಮ್ಮನೆ ಬಿದ್ದಿರುವಾಗ ಹಿಟ್ಟು ಯಾಕೆ ಚಳಿಯಲ್ಲಿ ನರಳಬೇಕು? ಅಲ್ಲಿ ಬೇರೆ ಚೀಲ ಕೊಡುತ್ತಾರೆ ಅಂತ ನೀನೇ ಬಿಟ್ಟುಹೋದದ್ದು. ಒಳಗೆ ಬಿಸಿನೀರಿನ ಚೀಲ, ಅದರ ಮೇಲೆ ಹಿಟ್ಟಿನ ಪಾತ್ರೆ, ಕತ್ತಿನವರೆಗೆ ಜಿಪ್ಪು. ಈಗ ಉಳಿದ ವಿವರ: ಉಬ್ಬಿದ ಹಿಟ್ಟು ಪಾತ್ರೆಯಲ್ಲೇ ಉಳಿಯಬೇಕೆಂಬ ನಿಯಮವಿಲ್ಲವಂತೆ. ಸುಮಾರು ಅರ್ಧ ಸೇರು ಚೀಲದ ಪಾದದ ಭಾಗಕ್ಕೆ ವಲಸೆ ಹೋಗಿದೆ. ಒರೆಸಿದ್ದೇನೆ. ಬಾಲ್ಕನಿಯಲ್ಲಿ ಹರಡಿದ್ದೇನೆ. ಹುಳಿ ವಾಸನೆ ಇನ್ನೂ ಹೋಗಿಲ್ಲ. ಧನ್ಯಾ ಮೂಗು ಮುಚ್ಚಿಕೊಂಡು ನೋಡಿ, “ಪಪ್ಪಾ, ಮಮ್ಮಿ ವಿಲ್ ಕಿಲ್ ಯು. ಸಚ್ಚೀ,” ಎಂದಳು. ಹತ್ತೊಂಬತ್ತು ವರ್ಷದ ಮಗಳು ಒಂದೇ ವಾಕ್ಯದಲ್ಲಿ ಮೂರು ಭಾಷೆ ದುಡಿಸಿದರೂ ಕನ್ನಡದ ಪಾಲು ‘ಪಪ್ಪಾ’ ಅಷ್ಟೇ, ಅದೂ ಕನ್ನಡವಲ್ಲ. ದೋಸೆ ಮಾತ್ರ ಐದು ತಿಂದಳು, ಅಚ್ಚಕನ್ನಡದಲ್ಲಿ.

ಈಗ ಫಾರ್ಮು.

ಸಂಕ್ರಾಂತಿಯ ದಿನ ಅಮ್ಮ ಎಳ್ಳುಬೆಲ್ಲದ ತಟ್ಟೆ ಹಿಡಿದು ಬಂದರು. ನನ್ನ ಅಂಗೈಗೆ ಹಾಕುತ್ತಾ, “ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು. ಆ ಕಾಗದಕ್ಕೆ ಸಹಿ ಹಾಕಿದೆಯಾ?” ಅಂದರು.

“ನೋಡೋಣ ಅಮ್ಮ,” ಅಂದೆ.

ಅಮ್ಮ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡರು. “ಒಳ್ಳೆ ಮಾತಾಡು ಅಂದೆ. ನಿಮ್ಮಪ್ಪನೂ ನಲವತ್ತು ವರ್ಷ ಎಲ್ಲದಕ್ಕೂ ನೋಡೋಣ ನೋಡೋಣ ಅಂತಿದ್ದು, ಕೊನೆಗೆ ಏನೂ ನೋಡದೇ ಹೋದರು. ಬೇಡ ಅನ್ನೋಕೆ ಧೈರ್ಯ ಇಲ್ಲದ ಗಂಡಸರು ಕಂಡುಹಿಡಿದ ಮಾತು ಅದು.”

ಧನ್ಯಾ ಪಕ್ಕದಲ್ಲೇ ಕೂತು ಕಬ್ಬು ಜಗಿಯುತ್ತಿದ್ದಳು. “ಅಜ್ಜಿ, ಹಿ ಮೀನ್ಸ್ ನೋ? ನಾನು ಇಷ್ಟು ದಿನ ನೋಡೋಣ ಅಂದ್ರೆ ‘ಲೆಟ್ಸ್ ಸೀ’ ಅಂದ್ಕೊಂಡಿದ್ದೆ!” ಪಾಪದ ಹುಡುಗಿ. ಸ್ಕೂಟಿಗೆ ನೋಡೋಣ, ಗೋವಾ ಟ್ರಿಪ್ಪಿಗೆ ನೋಡೋಣ, ಬೆಕ್ಕಿನ ಮರಿಗೆ ನೋಡೋಣ. ಎಲ್ಲವನ್ನೂ ಈಗ ಒಂದೊಂದಾಗಿ ನೆನೆಸಿಕೊಂಡು ನನ್ನ ಕಡೆ ತಿರುಗಿದಳು. ಆ ನೋಟದ ಎದುರು ನಿಮ್ಮ ಹಿಮಗಾಳಿ ಏನೂ ಅಲ್ಲ.

ಫಾರ್ಮಿನಲ್ಲಿ ಒಂದು ಸಾಲಿದೆ: ‘ಅತಿಶೀತ ಪ್ರದೇಶದ ಎಲ್ಲ ಅಪಾಯಗಳನ್ನೂ ನಾನು ಅರ್ಥಮಾಡಿಕೊಂಡಿದ್ದೇನೆ.’ ನಾನು ಅರ್ಥಮಾಡಿಕೊಂಡಿಲ್ಲವಲ್ಲ, ಸುಳ್ಳು ಸಹಿ ಹೇಗೆ ಹಾಕಲಿ ಎಂದು ವಾದ ಹೂಡಿದೆ. ಧ್ರುವಪ್ರದೇಶದ ಪಾಠ ಮಾಡುತ್ತಲೇ ತಲೆ ನರೆತರೂ, ನಾನು ಕೈಯಾರೆ ಮುಟ್ಟಿದ ಅತಿಶೀತ ಪ್ರದೇಶ ಅಂದರೆ ನಮ್ಮ ಫ್ರಿಜ್ಜಿನ ಮೇಲಿನ ಅರೆ. ಅಮ್ಮ, “ಹಾಗಾದರೆ ಹೋಗಿ ಅರ್ಥಮಾಡಿಕೊಂಡು ಬಾ,” ಅಂದು ಒಳಗೆ ಹೋದರು. ನಾನು ಹೋದೆ. ಬರೀ ಅಮ್ಮನ ಮಾತಿಗೆ ಹೋದದ್ದಲ್ಲ, ಇನ್ನೊಂದು ಕಾರಣವೂ ಇತ್ತು. ಅದನ್ನು ಕಾಗದದ ಕೊನೆಗೆ ಹೇಳುತ್ತೇನೆ.

ಐತಪ್ಪನವರು ಬಟಾಣಿ, ತೆಂಗಿನತುರಿ, ಐಸ್‌ಕ್ರೀಮು ಇಡಲು ಫರೀದಾಬಾದಿನಲ್ಲಿ ಒಂದು ಶೀತಲ ಗೋದಾಮಿನ ಮೂಲೆ ಬಾಡಿಗೆಗೆ ಹಿಡಿದಿದ್ದಾರೆ. ನಿನ್ನೆ ಬೆಳಿಗ್ಗೆ ಅವರ ವ್ಯಾನಿನಲ್ಲಿ ಕೂತೆ, ಜೇಬಿನಲ್ಲಿ ಫಾರ್ಮು. ಒಳಗೆ ಮೈನಸ್ ಹದಿನೆಂಟು. “ನಿಮಗೆ ಎಂತ ಮರ್ಲಾ ಮಾರಾಯ್ರೆ?” ಅಂತ, ಹುಚ್ಚನಿಗೆ ಬೈದ ಹಾಗೆ, ದಾರಿಯುದ್ದಕ್ಕೂ ಬೈದರು. “ಐದು ನಿಮಿಷ. ಅದಕ್ಕಿಂತ ಜಾಸ್ತಿ ಇಲ್ಲ. ನಿಮಗೆ ಏನಾದ್ರೂ ಆದ್ರೆ ಡಾಕ್ಟ್ರು ನನ್ನನ್ನು ಬಿಡ್ಲಿಕ್ಕುಂಟಾ?” ಕಾವಲುಗಾರ ಒಂದು ದಪ್ಪ ಕೋಟು ಕೊಟ್ಟ, ಅದಕ್ಕೆ ಮೀನಿನ ವಾಸನೆ. ನಮ್ಮಿಬ್ಬರ ಮುಖ ನೋಡಿ, “ಬಾಬೂಜಿ, ರೀಲ್ ಬನಾನೀ ಹೈ ಕ್ಯಾ?” ಅಂದ, ರೀಲ್ ಮಾಡಲು ಬಂದವರೆಂದುಕೊಂಡು.

ಬಾಗಿಲು ಮುಚ್ಚಿತು ನೋಡು, ಮೊದಲ ಉಸಿರಿಗೇ ಮೂಗಿನೊಳಗೆ ಯಾರೋ ಸೂಜಿ ಪೋಣಿಸಿದ ಹಾಗಾಯಿತು. ಎರಡನೇ ನಿಮಿಷಕ್ಕೆ ಮೀಸೆ ಬಿಗಿಯಿತು. ಮೂರನೇ ನಿಮಿಷಕ್ಕೆ ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ನನ್ನ ತಲೆಯಲ್ಲಿ ಸದಾ ಓಡುತ್ತಿರುವ ಜೋಕುಗಳೆಲ್ಲ ಒಂದೊಂದಾಗಿ ನಿಂತುಹೋದವು. ಬಟಾಣಿ ಮೂಟೆಗಳ ನಡುವೆ ನಿಂತು, ಯಾಕೋ ಗೊತ್ತಿಲ್ಲ, “ಧಾರಿಣೀ” ಅಂತ ಕೂಗಿದೆ. ಬಿಳಿ ಉಸಿರು ಬಾಯಿಂದ ಹೊರಟು ಸ್ವಲ್ಪ ಹೊತ್ತು ಎದುರಿಗೇ ನಿಂತಿತು.

ಐತಪ್ಪನವರು ಪಕ್ಕದಿಂದ ಮೆಲ್ಲಗೆ, “ಅವರು ಇಲ್ಲಿ ಇಲ್ಲ ಮಾರಾಯ್ರೆ,” ಅಂದರು.

ಅಲ್ಲೇ ಸಹಿ ಹಾಕುವುದೆಂದು ಪೆನ್ನು ತೆಗೆದೆ. ಅಂಕಣಕಾರನಿಗೆ ಇಂಥ ಸನ್ನಿವೇಶ ಮತ್ತೆ ಸಿಗುವುದಿಲ್ಲ, ಹಿಮದ ನಡುವೆ ಒಪ್ಪಿಗೆ! ಪೆನ್ನು ಬರೆಯಲಿಲ್ಲ. ಗೀಚಿದೆ, ಕೊಡವಿದೆ, ಊದಿದೆ. ಶಾಯಿ ಹೆಪ್ಪುಗಟ್ಟಿತ್ತು. ನನ್ನ ಕೈಯಲ್ಲಿ ಪೆನ್ನು ಮುಷ್ಕರ ಹೂಡಿದ್ದು ಜೀವಮಾನದಲ್ಲಿ ಅದೇ ಮೊದಲು. ಐತಪ್ಪನವರು ಮೂಟೆಗೆ ಗುರುತು ಹಾಕುವ ತಮ್ಮ ಮೊಂಡು ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದುಕೊಟ್ಟರು. “ಇಲ್ಲಿ ಇದೊಂದೇ ನಡೀತದೆ.” ಆದರೆ ಫಾರ್ಮಿನ ಅಡಿಯಲ್ಲಿ ‘ಶಾಯಿಯಲ್ಲಿ ಮಾತ್ರ’ ಎಂದಿತ್ತು. ಸರ್ಕಾರಕ್ಕೆ ಧ್ರುವದ ಬಗ್ಗೆ ನನ್ನಷ್ಟೇ ತಿಳಿವಳಿಕೆ.

ಹೊರಗೆ ಬಂದೆವು. ಜನವರಿಯ ದೆಹಲಿ ಮಂಗಳೂರಿನ ಮೇ ತಿಂಗಳ ಹಾಗಿತ್ತು, ಕೋಟು ಕಿತ್ತೆಸೆದೆ. ಪೆನ್ನನ್ನು ಥರ್ಮಾಮೀಟರಿನಂತೆ ಕಂಕುಳಲ್ಲಿ ಇಟ್ಟುಕೊಂಡು ಹತ್ತು ನಿಮಿಷ ಎಳೆಬಿಸಿಲಿನಲ್ಲಿ ಕೂತೆ. ಕಾವಲುಗಾರ ಚಹಾ ತಂದುಕೊಟ್ಟ. ಆಮೇಲೆ ವ್ಯಾನಿನ ಬಾನೆಟ್ಟಿನ ಮೇಲೆ ಫಾರ್ಮು ಹಾಸಿ ಸಹಿ ಹಾಕಿದೆ, ಪೂರ್ತಿ ಹೆಸರು, ರಘುನಂದನ್. ಸಾಕ್ಷಿಯ ಜಾಗದಲ್ಲಿ ಐತಪ್ಪನವರು ಕನ್ನಡದಲ್ಲಿ ಗುಂಡಗೆ ಬರೆದರು. ಬರೆದು ಕನ್ನಡಕ ತೆಗೆದು, “ಹದಿನಾಲ್ಕು ತಿಂಗಳು ನಿಮಗೂ ಅಭ್ಯಾಸ ಬೇಕಲ್ಲ? ಭಾನುವಾರ ನಮ್ಮಲ್ಲಿಗೇ ಊಟಕ್ಕೆ ಬನ್ನಿ. ಅಲ್ಲಿ ಹಿತೇಶ ಡಾಕ್ಟ್ರಿಗೆ ದೋಸೆ ಹುಯ್ಯುವಾಗ ಇಲ್ಲಿ ನಾನು ನಿಮಗೆ ಹುಯ್ಯುತ್ತೇನೆ,” ಎಂದರು. ಒಪ್ಪಿದೆ. ನೋಡೋಣ ಅನ್ನಲಿಲ್ಲ.

ನಾಳೆ ಬೆಳಿಗ್ಗೆ ಹಿತೇಶ್ ಹೊರಡುತ್ತಾನೆ. ಅವನ ಕೈಯಲ್ಲಿ ಈ ಕಾಗದ, ಪ್ಲಾಸ್ಟಿಕ್ ಹೊದಿಸಿದ ಫಾರ್ಮು, ಅಮ್ಮ ಹೆಣೆದ ಟೋಪಿ, ಒಂದು ಡಬ್ಬಿ ಎಳ್ಳುಬೆಲ್ಲ. ಬೆರಳಿನ ಕೊನೆ ಮರಗಟ್ಟುತ್ತದೆ ಅಂತ ಎರಡನೇ ಕಾಗದದಲ್ಲಿ ಬರೆದಿದ್ದೀಯ, ಜೋಪಾನ. ಐವತ್ತೊಂದನೇ ವಯಸ್ಸಿನಲ್ಲಿ ಇಪ್ಪತ್ತೈದರ ಹುಡುಗರನ್ನು ಹಿಮದ ಓಟದಲ್ಲಿ ಹಿಂದೆ ಹಾಕಿದ್ದೂ ಬರೆದಿದ್ದೀಯ. ಆ ಸಾಲನ್ನು ನಾನು ಪಾರ್ಕಿನಲ್ಲಿ ನಾಲ್ಕು ಜನಕ್ಕೆ ಓದಿ ಹೇಳಿದೆ. ಐದನೆಯವರು ಸೂದ್ ಆಂಟಿ. ಅವರಿಗೆ ಸನ್ಯಾಸದ ಅನುಮಾನ ಪರಿಹಾರವಾಯಿತು.

ನೀನು ಹೊರಟ ದಿನ ಅಮ್ಮ ಅಭ್ಯಾಸಬಲದಿಂದ “ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ” ಅಂತ ಹರಸಿದ್ದಕ್ಕೆ ನಾವೆಲ್ಲ ಬಿದ್ದು ಬಿದ್ದು ನಕ್ಕೆವಲ್ಲ. ಹಿಮಕ್ಕೆ ಹೋಗುವವಳಿಗೆ ಕೊಡುವ ಆಶೀರ್ವಾದವೇ ಅದು! ಅಮ್ಮ ಹತ್ತು ದಿನ ಅದನ್ನೇ ಯೋಚಿಸಿ ಈಗ ತಿದ್ದುಪಡಿ ಕಳಿಸಿದ್ದಾರೆ: “ಹೊಟ್ಟೆ ತಣ್ಣಗೇ ಇರಲಿ, ಕೈಕಾಲು ಬೆಚ್ಚಗಿರಲಿ.” ಅದಕ್ಕೆ ನನ್ನದೂ ಸೇರಿಸಿಕೋ.

ಇಲ್ಲಿ ಎಲ್ಲ ಸುಖ. ನಿಜವಾಗಿಯೂ ಸುಖ ಕಣೆ. ಸಹಿ ಹಾಕಿ ಬಂದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಬಾಲ್ಕನಿಯಲ್ಲಿ ಅರ್ಧ ಗಂಟೆ ನಿದ್ದೆ ಮಾಡಿದೆ.

ನಿನ್ನ,
ರಘು
(ಗೃಹಶಾಖೆಯ ಹಿಟ್ಟು ಸಂಶೋಧಕ)

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬರಲಿ ಅಂತ ಇಲ್ಲಿಯವರೆಗೆ ತಳ್ಳಿದ್ದು.

ಸಂಕ್ರಾಂತಿಯ ಹಿಂದಿನ ದಿನ, ಹಿತೇಶ್ ಹೇಳಿದ ಮೆಂತ್ಯ ಹುಡುಕುತ್ತಾ ಅಡುಗೆಮನೆಯ ಮೇಲಿನ ಶೆಲ್ಫಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಅಡಿಗೆ ಹಾಸಿದ್ದ ನ್ಯೂಸ್‌ಪೇಪರ್ ಎತ್ತಿದರೆ ಅದರ ಕೆಳಗೆ ಇನ್ನೊಂದು ಕಾಗದ. ಸರ್ಕಾರಿ ಮೊಹರು, ೨೦೦೩ರ ಮಾರ್ಚ್, ನಿನ್ನ ಹೆಸರು. ಅದೇ ಠಾಣೆ, ಅದೇ ಕೆಲಸ. ‘ಒಪ್ಪಿಗೆಯನ್ನು ಹದಿನೈದು ದಿನದೊಳಗೆ ತಿಳಿಸುವುದು.’ ಮೇಲೆ ಅರಿಶಿನದ ಡಬ್ಬಿ ಕೂತ ಹಳದಿ ವೃತ್ತ.

ತಾರೀಕನ್ನು ಎರಡು ಸಲ ಓದಿದೆ. ಆಮೇಲೆ ಎಲ್ಲ ನೆನಪಿಗೆ ಬಂತು. ಮುನಿರ್ಕಾದ ಆ ಎರಡು ಕೋಣೆಯ ಮನೆ. ನೀನು ಮೂರು ಮಹಡಿ ಓಡಿ ಹತ್ತಿ ಬಂದಿದ್ದೆ, ಏದುಸಿರು, ಕೈಯಲ್ಲಿ ಲಕೋಟೆ. ನಾನು ಅಂಕಣ ಬರೆಯುತ್ತಿದ್ದೆ, ಹೆಂಡತಿಯ ಮಾತು ಕೇಳಿಸಿಕೊಳ್ಳುವ ಕಲೆ ಎಂಬ ವಿಷಯದ ಮೇಲೆ. ತಲೆ ಎತ್ತದೆ “ನೋಡೋಣ” ಅಂದೆ. ನೀನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಒಳಗೆ ಹೋದೆ. ಗ್ಯಾಸ್ ಆರಿಸಲು ಹೋದೆ ಅಂದುಕೊಂಡೆ. ಅಂಕಣ ಚೆನ್ನಾಗಿ ಬಂತು, ಎಲ್ಲರೂ ಮೆಚ್ಚಿದರು. ಆ ಕಾಗದ ಏನಾಯಿತು ಅಂತ ನಾನು ಮತ್ತೆ ಕೇಳಲೇ ಇಲ್ಲ. ನಾನು ಎಂದೂ ನಿನಗೆ ಬೇಡ ಅಂದವನಲ್ಲ ಎಂದು ಇಷ್ಟು ವರ್ಷ ಎಲ್ಲರೆದುರು ಹೇಳಿಕೊಂಡು ಬಂದಿದ್ದೇನೆ, ನಿನ್ನ ಎದುರಿಗೂ ಹೇಳಿದ್ದೇನೆ. ನೀನು ಹೂಂ ಅನ್ನುತ್ತಿದ್ದೆ.

ಮೇಲಿನ ಪೇಪರನ್ನು ಪ್ರತಿ ದೀಪಾವಳಿಗೂ ಬದಲಾಯಿಸುತ್ತೀಯ. ಮುನಿರ್ಕಾದಿಂದ ಇಲ್ಲಿಗೆ ಮನೆ ಬದಲಾಯಿಸಿದಾಗಲೂ ಅಡಿಯದನ್ನು ತಂದು ಹಾಸಿದ್ದೀಯ. ತಪ್ಪಾಯಿತು ಧಾರಿಣಿ. ಇದಕ್ಕಿಂತ ಒಳ್ಳೆಯ ವಾಕ್ಯ ಮೂರು ದಿನ ಹುಡುಕಿದೆ, ಸಿಗಲಿಲ್ಲ.

ಆ ಕಾಗದವನ್ನು ತೆಗೆಯುವ ಹಕ್ಕು ನನಗಿಲ್ಲ. ಒರೆಸಿ, ಇದ್ದ ಹಾಗೆಯೇ ಹಾಸಿ, ಹಳದಿ ವೃತ್ತದ ಮೇಲೆ ಸರಿಯಾಗಿ ಅರಿಶಿನದ ಡಬ್ಬಿ ಕೂರಿಸಿದ್ದೇನೆ. ನೀನು ಬಂದು ಏನು ಬೇಕಾದರೂ ಮಾಡು.

ಆದರೆ ಮೆಂತ್ಯ ಮಾತ್ರ ಇನ್ನೂ ಸಿಕ್ಕಿಲ್ಲ. ಇವತ್ತು ಉಬ್ಬಿದ ಹಿಟ್ಟು ಮೆಂತ್ಯವಿಲ್ಲದ್ದು, ಹಿತೇಶ್ ಇದನ್ನು ಪ್ರಯೋಗವೆಂದೇ ಒಪ್ಪುತ್ತಿಲ್ಲ. ಹನ್ನೊಂದು ಡಬ್ಬಿ ತೆಗೆದು ನೋಡಿದೆ, ಅಮ್ಮನಿಗೂ ಗೊತ್ತಿಲ್ಲವಂತೆ. ಯಾವ ಡಬ್ಬಿಯಲ್ಲಿ ಇಟ್ಟಿದ್ದೀಯ ಅಂತ ಒಂದು ಸಾಲು ಬರೆದು ಕಳಿಸು. ಟೋಪಿಯೊಳಗೆ ಐತಪ್ಪನವರ ಮೊಂಡು ಪೆನ್ಸಿಲ್ ಇಟ್ಟಿದ್ದೇನೆ, ಅದರಲ್ಲೇ ಬರಿ.